ಆಪತ್ಕಾಲದ ಕಸುಬು: ಡೀಫೋನ ‘ಪ್ಲೇಗು ವರ್ಷದ ದಿನಚರಿ’

ಮಹಾಭಾರತದ ಶಾಂತಿಪರ್ವದಲ್ಲಿ ಆಪದ್ಧರ್ಮವೆಂಬ ಒಂದು ಉಪಪರ್ವವೇ ಇರುವುದು. ಹನ್ನೆರಡು ವರ್ಷಗಳ ಅನಾವೃಷ್ಟಿಯಲ್ಲಿ ಹಸಿದು ಬೆಂಡಾದ ವಿಶ್ವಾಮಿತ್ರನು ಹೊರಕೇರಿಯ ಗುಡಿಸಲಿಗೆ ನುಗ್ಗಿ ನಾಯಿಯ ಮಾಂಸವನ್ನು ಕದಿಯಹೋದ ಕಥೆ ಆ ಭಾಗಕ್ಕೆ ಸೇರಿದುದು. ಲೋಕವೆಲ್ಲ ಸಂಕಟಕ್ಕೆ ಸಿಕ್ಕಿದಾಗ ಮನುಷ್ಯನು ತನ್ನ ನಡೆಯನ್ನು ಎಲ್ಲಿಯವರೆಗೆ ಬದಲಾಯಿಸಿಕೊಳ್ಳಬಹುದೆಂಬುದನ್ನು ಪ್ರಾಚೀನರು ಹೀಗೆ ಧರ್ಮಜಿಜ್ಞಾಸೆಯ ವಿಷಯವನ್ನಾಗಿ ಮಾಡಿಕೊಂಡರು. ಆದರೆ ಈ ಪ್ರಶ್ನೆಗೆ ಇನ್ನೊಂದು ಮುಖವೂ ಉಂಟು. ಗಿರಾಕಿಗಳಿಲ್ಲದೆ ಅಂಗಡಿಯ ಬಾಗಿಲನ್ನು ಎಳೆದುಕೊಂಡ ವರ್ತಕನು, ಒಡತಿಯು ಕೆಲಸದಿಂದ ಬಿಡಿಸಿದ ಆಳುಹೆಂಗಸು, ಹೊಳೆ ದಾಟುವವರೇ ಇಲ್ಲದೆ ದೋಣಿಯಲ್ಲಿ ಸುಮ್ಮನೆ ಕುಳಿತ ಅಂಬಿಗನು, ಇವರೆಲ್ಲ ನಾಳೆಯ ಕೂಳಿಗೆ ಏನು ದಾರಿ ಕಂಡುಕೊಂಡರು? ಋಷಿಯ ಆಪದ್ಧರ್ಮವನ್ನು ಹೇಳಿದವರು ಹಲವರಿರುವರು. ಅಂಬಿಗನ ಆಪದ್ಧರ್ಮವನ್ನು ಹೇಳಿದವರು ವಿರಳ. ಆ ವಿರಳರಲ್ಲಿ ಡೇನಿಯಲ್ ಡೀಫೋ ಒಬ್ಬನು. 1722ರಲ್ಲಿ ಅವನು ಪ್ರಕಟಿಸಿದ ‘ಎ ಜರ್ನಲ್ ಆಫ್ ದಿ ಪ್ಲೇಗ್ ಇಯರ್’, ಎಂದರೆ ‘ಪ್ಲೇಗು ವರ್ಷದ ದಿನಚರಿ’ಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಯುಕ್ತವಾಗಿದೆ.

ಯುಕ್ತವೆನ್ನಲು ಕಾರಣವೂ ಇಲ್ಲದಿಲ್ಲ. 2020ನೆಯ ಇಸವಿ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ರೋಗವನ್ನು ಜಗದ್ವ್ಯಾಪಿಯಾದ ಮಹಾಮಾರಿಯೆಂದು ಸಾರಿತು. ಅದೇ ತಿಂಗಳು 25ರಿಂದ ಭಾರತದಲ್ಲಿ ಜನಸಂಚಾರವು ನಿಂತುಹೋಗಿ, ಲಾಕ್‌ಡೌನ್ ಎಂಬ ಮಾತು ಹಳ್ಳಿಹಳ್ಳಿಯ ಬಾಯಲ್ಲಿ ನಿಂತಿತು. ಮನೆಯೊಳಗೆ ಕುಳಿತಿರಲು ಅನುಕೂಲವಿದ್ದ ವಿದ್ಯಾವಂತರು ಆ ತಿಂಗಳುಗಳಲ್ಲಿ ಹಳೆಯ ಮಾರಿಗ್ರಂಥಗಳನ್ನು ಹುಡುಕಿ ತೆಗೆದು ಓದಿದರು. ಆಗಲೇ ಒಂದು ನೀತಿಕಥೆಯೂ ದೇಶದೇಶಗಳಲ್ಲಿ ಪ್ರಚಾರಕ್ಕೆ ಬಂದಿತು. 1665ರಲ್ಲಿ ಪ್ಲೇಗಿನ ಭಯದಿಂದ ಕೇಂಬ್ರಿಜ್ ವಿದ್ಯಾಪೀಠವು ಮುಚ್ಚಿದಾಗ ತರುಣ ನ್ಯೂಟನ್ನನು ವೂಲ್ಸ್‌ಥಾರ್ಪಿನ ತನ್ನ ಮನೆಗೆ ಹೋಗಿ, ಅಲ್ಲಿಯ ಏಕಾಂತದಲ್ಲಿ ಗಣಿತವನ್ನೂ ಬೆಳಕಿನ ಸ್ವಭಾವವನ್ನೂ ಗುರುತ್ವಾಕರ್ಷಣವನ್ನೂ ಕುರಿತು ಚಿಂತಿಸಿದನೆಂದೂ, ಅದರಂತೆ ಎಲ್ಲರೂ ತಮಗೆ ಒದಗಿದ ವಿರಾಮವನ್ನು ಸಾರ್ಥಕಪಡಿಸಿಕೊಳ್ಳಬೇಕೆಂದೂ ಬೋಧಿಸಲಾಯಿತು. ಕಥೆಯೇನೋ ಸುಳ್ಳಲ್ಲ. ಆದರೆ ನ್ಯೂಟನ್ನನಿಗೆ ಹಿಂದಿರುಗಿ ಹೋಗಲು ಹೊಲಗದ್ದೆಗಳುಳ್ಳ ತಾಯಿಯ ಮನೆಯೊಂದಿತ್ತು. ಅದೇ ವರ್ಷ ಲಂಡನ್ ನಗರದಲ್ಲಿಯೇ ಉಳಿದು, ಉಳಿಯುವುದಕ್ಕೂ ಹೊರಡುವುದಕ್ಕೂ ಸಮನಾಗಿ ಅಂಜುತ್ತಿದ್ದ ಲಕ್ಷಾಂತರ ಜನರ ವಿರಾಮವು ಬೇರೆ ತೆರನಾದುದು. ಅದನ್ನು ತಿಳಿಯಬೇಕಾದರೆ ಡೀಫೋನ ಗ್ರಂಥಕ್ಕೆ ಹೋಗಬೇಕು.

ಗ್ರಂಥದ ಹುಟ್ಟಿನ ವಿಷಯದಲ್ಲಿ ಒಂದು ಮಾತನ್ನು ಮೊದಲೇ ತಿಳಿದಿರಬೇಕು. ಡೀಫೋ ಹುಟ್ಟಿದುದು ಸುಮಾರು 1660ರಲ್ಲಿ; ಲಂಡನ್ನಿನ ಮಹಾಮಾರಿಯ ವರ್ಷವಾದ 1665ರಲ್ಲಿ ಅವನು ಐದು ವರ್ಷದ ಕೂಸು. ಆದುದರಿಂದ ಕಣ್ಣಾರೆ ಕಂಡವನೊಬ್ಬನ ದಿನಚರಿಯ ರೂಪದಲ್ಲಿದ್ದರೂ ಇದು ದಿನಚರಿಯಲ್ಲ, ಕಲ್ಪಿತ ಕೃತಿ. 1720ರಲ್ಲಿ ಫ್ರಾನ್ಸಿನ ಮಾರ್ಸೇಲ್ಸ್ ರೇವಿನಲ್ಲಿ ಪ್ಲೇಗು ಕಾಣಿಸಿಕೊಂಡು ಇಂಗ್ಲೆಂಡಿನ ಜನರು ನಡುಗುತ್ತಿದ್ದಾಗ, ಹಳೆಯ ಸರಕಾರೀ ಆಜ್ಞೆಗಳನ್ನೂ ಮರಣದ ಪಟ್ಟಿಗಳನ್ನೂ ಹಿರಿಯರ ಮಾತುಗಳನ್ನೂ ಕೂಡಿಸಿಕೊಂಡು ಡೀಫೋ ಇದನ್ನು ರಚಿಸಿದನು. ಕಥೆ ಹೇಳುವವನು ಎಚ್. ಎಫ್. ಎಂಬ ಎರಡಕ್ಷರಗಳಿಂದ ಮಾತ್ರ ಗುರುತಾಗುವ, ಕುದುರೆಯ ಜೀನುಗಳನ್ನು ಮಾರುವ ಒಬ್ಬ ವರ್ತಕನು. ಡೀಫೋನ ಚಿಕ್ಕಪ್ಪ ಹೆನ್ರಿ ಫೋ ಎಂಬುವನ ಹೆಸರಿನ ನೆನಪು ಇದರಲ್ಲಿರಬಹುದೆಂದು ವಿದ್ವಾಂಸರ ಊಹೆ.

ಗ್ರಂಥಕರ್ತನೂ ವ್ಯಾಪಾರದಲ್ಲಿ ಪಳಗಿದವನೇ. ಕಾಲುಚೀಲಗಳ ವ್ಯಾಪಾರ ಮಾಡಿದನು, 1692ರಲ್ಲಿ ದಿವಾಳಿಯೆದ್ದನು, ಬಳಿಕ ಇಟ್ಟಿಗೆ ಹೆಂಚುಗಳ ಕಾರ್ಖಾನೆಯನ್ನು ನಡೆಸಿದನು, ಬರೆದ ಒಂದು ವ್ಯಂಗ್ಯಲೇಖಕ್ಕಾಗಿ 1703ರಲ್ಲಿ ಬೀದಿಯ ಶಿಕ್ಷಾಸ್ತಂಭದಲ್ಲಿ ನಿಂತನು, ಅರುವತ್ತರ ಹತ್ತಿರದಲ್ಲಿ ‘ರಾಬಿನ್ಸನ್ ಕ್ರೂಸೋ’ ಎಂಬ ಕಥೆಯನ್ನು ಬರೆದು ಲೋಕಪ್ರಸಿದ್ಧನಾದನು. ಹೂಡಿದ ಬದುಕು ಮುರಿದುಬೀಳುವುದೆಂದರೇನು, ಬಿದ್ದುದನ್ನು ಎತ್ತಿ ಬೇರೆ ರೀತಿಯಲ್ಲಿ ಕಟ್ಟುವುದೆಂದರೇನು ಎಂಬುದು ಅವನಿಗೆ ಪುಸ್ತಕದಿಂದ ಬಂದ ಜ್ಞಾನವಾಗಿರಲಿಲ್ಲ. ಆ ಅನುಭವದ ಪಕ್ವತೆಯೇ ಈ ಗ್ರಂಥದ ಪ್ರತಿ ಪುಟದಲ್ಲಿಯೂ ಕಾಣುವುದು.

ಕಥೆಯ ಆರಂಭದಲ್ಲಿ ವರ್ತಕನ ಮುಂದೆ ಎರಡು ದಾರಿಗಳಿವೆ. ನಗರವನ್ನು ಬಿಟ್ಟರೆ ಜೀವ ಉಳಿದೀತು. ಅಮೆರಿಕದ ಇಂಗ್ಲಿಷ್ ವಸಾಹತುಗಳವರೊಡನೆ ಬೆಳೆಸಿದ ವ್ಯಾಪಾರವೂ ಅಂಗಡಿ ಉಗ್ರಾಣಗಳೂ ಹೋದಾವು. ನಗರದಲ್ಲಿ ನಿಂತರೆ ವ್ಯಾಪಾರ ಉಳಿದೀತು. ಜೀವದ ಮಾತು ಹೇಳಲಾಗದು. ಅಣ್ಣನು ಬಂದು ಹೊರಟುಬಿಡೆಂದು ಬುದ್ಧಿ ಹೇಳುವನು. ತಮ್ಮನು ಹೊರಡಲು ಮನಸ್ಸು ಮಾಡಿದರೆ ಬಾಡಿಗೆಗೆ ಕುದುರೆ ಸಿಕ್ಕದು. ಕಾಲುನಡೆಯಿಂದ ಹೋಗೋಣವೆಂದರೆ ಜೊತೆಗೆ ಬರಬೇಕಾಗಿದ್ದ ಆಳು ಓಡಿಹೋಗುವನು. ಇದು ದೈವಸಂಕೇತವೋ ಏನೋ ಎಂದು ತೊಳಲಾಡುತ್ತ ಬೈಬಲನ್ನು ತೆರೆದಾಗ ತೊಂಬತ್ತೊಂದನೆಯ ಕೀರ್ತನೆ ಕಣ್ಣಿಗೆ ಬೀಳುವುದು, ನಿಲ್ಲುವುದೆಂದು ನಿಶ್ಚಯವಾಗುವುದು. ಇಲ್ಲಿ ಡೀಫೋನ ಕೌಶಲವನ್ನು ಗಮನಿಸಬೇಕು. ಭಕ್ತಿ, ಲಾಭ, ಸೋಮಾರಿತನ, ಕುದುರೆ ಸಿಕ್ಕದ ಆಕಸ್ಮಿಕ, ಇವುಗಳಲ್ಲಿ ಯಾವುದು ಈ ನಿಶ್ಚಯಕ್ಕೆ ಮುಖ್ಯಕಾರಣವೆಂದು ವಾಚಕನು ಬಿಡಿಸಿ ಹೇಳಲಾರನು, ವರ್ತಕನೂ ಹೇಳಲಾರನು. ದೊಡ್ಡ ನಿರ್ಧಾರಗಳು ಬದುಕಿನಲ್ಲಿ ಆಗುವುದು ಹೀಗೆಯೇ. ಮುಂದೆ ಅದೇ ವರ್ತಕನು, ಇಂಥ ಮಾರಿಗೆ ಓಡಿಹೋಗುವುದಕ್ಕಿಂತ ಮಿಗಿಲಾದ ಔಷಧವಿಲ್ಲವೆಂದು ತನ್ನ ನಡತೆಗೆ ವಿರುದ್ಧವಾಗಿಯೇ ಉಪದೇಶ ಮಾಡುವನು. ಇದನ್ನು ಪಾತ್ರರಚನೆಯ ದೋಷವೆಂದು ಎಣಿಸಬೇಕಾಗಿಲ್ಲ. ಬದುಕಿ ಉಳಿದವನು ತನ್ನ ಉಳಿವನ್ನೇ ಪ್ರಮಾಣವನ್ನಾಗಿ ಮಾಡಿ ಇತರರಿಗೆ ತೋರಿಸದಿರುವುದು ಪ್ರಾಮಾಣಿಕತೆಯ ಗುರುತು.

ಆದರೂ ಈ ಅಂತರ್ಮಥನವು ಗ್ರಂಥದ ಹೃದಯವಲ್ಲ. ನಿಲ್ಲಲೋ ಹೋಗಲೋ ಎಂದು ಯೋಚಿಸುವ ಅವಕಾಶವೇ ಒಂದು ಐಶ್ವರ್ಯವೆಂಬುದನ್ನು ಡೀಫೋ ಬೇಗನೆ ತೋರಿಸಿಕೊಡುವನು. ಅರಮನೆಯವರೂ ಶ್ರೀಮಂತರೂ ಗಾಡಿಗಳಲ್ಲಿ ಸಾಮಾನು ತುಂಬಿಕೊಂಡು ಹೊರಟ ಮೇಲೆ, ಕೆಲಸ ತಪ್ಪಿದವರ ಒಂದು ಪಟ್ಟಿಯನ್ನೇ ಅವನು ಕೊಡುವನು. ಜರಿ, ಪಟ್ಟಿ, ಒಡವೆ, ಉಡುಪುಗಳಂಥ ವಿಲಾಸದ ವಸ್ತುಗಳನ್ನು ಮಾಡುತ್ತಿದ್ದ ಕುಶಲಕರ್ಮಿಗಳು ಮತ್ತು ಅವರ ಕೈಕೆಳಗಿನ ಕೆಲಸಗಾರರು. ಹಡಗುಗಳು ನಿಂತುದರಿಂದ ನಾವಿಕರು, ಹೊರೆಯಾಳುಗಳು, ಸುಂಕದ ಕಟ್ಟೆಯವರು. ಮನೆಗಳು ಬರಿದಾದಾಗ ಹೊಸ ಮನೆಯನ್ನು ಕಟ್ಟಿಸುವವರಾರು ಎಂದು ಕೈಕಟ್ಟಿ ಕುಳಿತ ಗಾರೆಯವರು, ಬಡಗಿಗಳು, ಕಮ್ಮಾರರು. ಕೊನೆಗೆ ಅಂಗಡಿಗಳ ಗುಮಾಸ್ತರು, ಮನೆಯಾಳುಗಳು, ದಾಸಿಯರು. ವ್ಯಾಪಾರವೆಂಬ ನೇಯ್ಗೆಯಲ್ಲಿ ಒಂದು ಎಳೆ ಕಡಿದರೆ ಮತ್ತಾವ ಎಳೆಗಳು ಸಡಿಲವಾಗುವುವೆಂಬುದನ್ನು ಅರ್ಥಶಾಸ್ತ್ರವೆಂಬ ವಿದ್ಯೆ ಇನ್ನೂ ಹೆಸರು ಪಡೆಯದ ಕಾಲದಲ್ಲಿ ಅವನು ಇಷ್ಟು ಸ್ಪಷ್ಟವಾಗಿ ಕಂಡನೆಂಬುದು ಆಶ್ಚರ್ಯಕರವಾಗಿದೆ.

ಪಟ್ಟಿಯೆಂದ ಮಾತ್ರಕ್ಕೆ ಅದು ನೀರಸವೆಂದು ಭಾವಿಸಬಾರದು. ರೋಗವು ಹರಡುವ ಮುಂಚೆ ಜನರು ಜೋಯಿಸರಲ್ಲಿಗೂ ಕಣಿ ಹೇಳುವವರಲ್ಲಿಗೂ ಮುತ್ತಿಗೆ ಹಾಕಿದ ಸಂಗತಿಯನ್ನು ಹೇಳುವಾಗ ಡೀಫೋ ಆಳುಹೆಂಗಸರ ಪ್ರಶ್ನೆಯೊಂದನ್ನು ನಮೂದಿಸುವನು. ಮಾರಿ ಬರುವುದೇ ಎಂದು ಕೇಳಿದ ಕೂಡಲೇ ಅವರು ಕೇಳುತ್ತಿದ್ದುದು ತಾವು ಸಾಯುವೆವೋ ಬದುಕುವೆವೋ ಎಂದಲ್ಲ. ಒಡತಿಯು ತಮ್ಮನ್ನು ಕೆಲಸದಲ್ಲಿ ಇಟ್ಟುಕೊಳ್ಳುವಳೋ ಬಿಡಿಸುವಳೋ, ಊರು ಬಿಡುವಾಗ ಜೊತೆಯಲ್ಲಿ ಕರೆದೊಯ್ಯುವಳೋ ಇಲ್ಲಿಯೇ ಬಿಟ್ಟುಹೋಗುವಳೋ ಎಂದು. ಸಾವಿನ ಭಯಕ್ಕಿಂತ ಕೆಲಸ ತಪ್ಪುವ ಭಯ ಮುಂದಾಗಿರುವ ಜೀವಗಳು ಲೋಕದಲ್ಲಿ ಉಂಟೆಂಬ ಅರಿವು ಈ ಒಂದು ಪ್ರಶ್ನೆಯಲ್ಲಿ ಅಡಗಿದೆ. ಅಲಂಕಾರಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಮಾರಿಯ ವರ್ಣನೆಯಲ್ಲಿ ಬೀಭತ್ಸವು ಅನಾಯಾಸವಾಗಿ ಒದಗುವುದು. ಕರುಣಕ್ಕೆ ಇಂಥ ಕಣ್ಣು ಬೇಕು.

ಕೆಲಸ ತಪ್ಪಿದ ಇವರು ಏನಾದರು? ಡೀಫೋನ ಉತ್ತರ ಕಠೋರವಾದುದು. ಮಾರಿಯೇ ಅವರಿಗೆ ಕೆಲಸ ಕೊಟ್ಟಿತು. ರೋಗಿಗಳಿದ್ದ ಮನೆಗಳ ಬಾಗಿಲಿಗೆ ಕೆಂಪು ಶಿಲುಬೆಯನ್ನು ಬರೆದು ಮುದ್ರೆ ಹಾಕಿದಾಗ ಹಗಲಿಗೊಬ್ಬ ರಾತ್ರಿಗೊಬ್ಬನಂತೆ ಕಾವಲುಗಾರರು ಬೇಕಾದರು. ಶುಶ್ರೂಷೆಗೆ ಹೆಂಗಸರು ಬೇಕಾದರು. ಶವಗಳನ್ನು ಹೊರುವುದಕ್ಕೂ ಗುಂಡಿ ತೋಡುವುದಕ್ಕೂ ಆಳುಗಳು ಬೇಕಾದರು. ಈ ಕೆಲಸಗಳಿಗೆ ಬಡವರು ಬಂದುದು ಶೌರ್ಯದಿಂದಲ್ಲ, ಹಸಿವಿನಿಂದ. ಇವರಲ್ಲಿ ಅನೇಕರು ಅದೇ ಕೆಲಸದಲ್ಲಿ ಮಡಿದರು. 1665ರ ಮರಣದ ಪಟ್ಟಿಗಳು ಪ್ಲೇಗಿನಿಂದ ಸತ್ತವರ ಸಂಖ್ಯೆಯನ್ನು 68,596 ಎಂದು ಕೊಡುತ್ತವೆ. ಡೀಫೋನ ವರ್ತಕನು ಅದು ಕಡಮೆಯ ಲೆಕ್ಕವೆಂದೂ ಒಂದು ಲಕ್ಷಕ್ಕೆ ಕಡಮೆಯಿರಲಾರದೆಂದೂ ವಾದಿಸುವನು. ಲೆಕ್ಕವನ್ನು ಒಪ್ಪದೆ ಪ್ರಶ್ನಿಸುವ ಈ ಸ್ವಭಾವವು ಗ್ರಂಥಕ್ಕೆ ಒಂದು ಗಾಂಭೀರ್ಯವನ್ನು ತಂದಿದೆ.

ಇದರ ಜೊತೆಗೆ ಜನರು ನಿತ್ಯದ ವ್ಯವಹಾರವನ್ನು ಮಾರಿಗೆ ಹೊಂದಿಸಿಕೊಂಡ ಬಗೆಯನ್ನೂ ಅವನು ಮರೆತಿಲ್ಲ. ಸಂತೆಯಲ್ಲಿ ಕಟುಕನು ಮಾಂಸವನ್ನು ಕೈಯಿಂದ ಕೊಡುತ್ತಿರಲಿಲ್ಲ. ಕೊಳ್ಳುವವನೇ ಕೊಕ್ಕೆಯಿಂದ ತೆಗೆದುಕೊಳ್ಳಬೇಕು. ಹಣವನ್ನು ಕಟುಕನು ಮುಟ್ಟುತ್ತಿರಲಿಲ್ಲ. ಹುಳಿರಸ ತುಂಬಿದ ಗಡಿಗೆಯಲ್ಲಿ ಹಾಕಬೇಕು. ಚಿಲ್ಲರೆಯನ್ನು ಹಿಂದಕ್ಕೆ ಪಡೆಯುವ ಅಪಾಯವಿರಬಾರದೆಂದು ಜನರು ಬಿಡಿ ನಾಣ್ಯಗಳನ್ನೇ ಕೊಂಡೊಯ್ಯುತ್ತಿದ್ದರು. ರೊಟ್ಟಿ ಬೇಯಿಸುವವರ ಒಲೆ ಆರಬಾರದು, ಆರಿದರೆ ಪೌರಹಕ್ಕಿಗೆ ಎರವು, ಎಂಬ ಆಜ್ಞೆಯಿದ್ದುದರಿಂದ ಅಂಥ ಕಾಲದಲ್ಲಿಯೂ ರೊಟ್ಟಿಯ ಬೆಲೆ ಏರಲಿಲ್ಲವೆಂದು ಅವನು ಮೆಚ್ಚಿ ಬರೆದಿರುವನು. 2020ರಲ್ಲಿ ಹಾಲಿನ ಅಂಗಡಿಯ ಮುಂದೆ ಸುಣ್ಣದ ವೃತ್ತಗಳಲ್ಲಿ ನಿಂತವರಿಗೂ ನೋಟನ್ನು ಬೆರಳ ತುದಿಯಿಂದ ಹಿಡಿದವರಿಗೂ ಈ ಪುಟಗಳು ಹಳೆಯವಾಗಿ ತೋರಲಾರವು.

ಗ್ರಂಥದ ಅತ್ಯುತ್ತಮ ಭಾಗಗಳು ಎರಡು. ಮೊದಲನೆಯದು ಥೇಮ್ಸ್ ನದಿಯ ದಡದಲ್ಲಿ ವರ್ತಕನು ಕಾಣುವ ಅಂಬಿಗನ ಪ್ರಸಂಗ. ಅವನ ಹೆಂಡತಿ ಮಕ್ಕಳು ದಡದ ಗುಡಿಸಲಿನಲ್ಲಿರುವರು; ಮನೆಗೆ ರೋಗ ತಗುಲಿದೆ. ಅವನು ಮನೆಗೆ ಹೋಗುವುದಿಲ್ಲ. ರಾತ್ರಿ ದೋಣಿಯಲ್ಲಿಯೇ ಮಲಗುವನು. ಪ್ಲೇಗಿಗೆ ಹೆದರಿ ನದಿಯ ನಡುವೆ ಲಂಗರು ಹಾಕಿದ ಹಡಗುಗಳಲ್ಲಿ ವಾಸವಾಗಿರುವ ಕುಟುಂಬಗಳಿಗೆ ದೂರದ ಹಳ್ಳಿಗಳಿಂದ ಕಾಯಿಪಲ್ಯ, ಮಾಂಸ, ಹಾಲುಗಳನ್ನು ತಂದು ಕೊಟ್ಟು ಕೂಲಿ ಪಡೆಯುವನು. ಜನರನ್ನು ದಾಟಿಸುವ ದೋಣಿ ಸಾಮಾನು ಸಾಗಿಸುವ ದೋಣಿಯಾಯಿತು. ಗಳಿಸಿದುದನ್ನು ಮನೆಯಿಂದ ಅಷ್ಟು ದೂರದ ಒಂದು ಬಂಡೆಯ ಮೇಲೆ ಇಟ್ಟು, ಹಿಂದಕ್ಕೆ ಸರಿದು ನಿಂತು ಹೆಂಡತಿಯನ್ನು ಕೂಗುವನು. ಅವಳು ಬಂದು ಎತ್ತಿಕೊಂಡು ಹೋಗುವಳು. ತನ್ನವರನ್ನು ತೊರೆದೆಯಾ ಎಂದು ವರ್ತಕನು ಕೇಳಿದಾಗ ಅಂಬಿಗನ ಕಣ್ಣಲ್ಲಿ ನೀರು ತುಂಬುವುದು. ತೊರೆದಂತೆ ಕಾಣುವ ಈ ದೂರವೇ ಅವರನ್ನು ಸಾಕುವ ಉಪಾಯವೆಂಬುದು ಬರಬರುತ್ತ ತಿಳಿಯುವುದು. ಇಡೀ ಪ್ರಸಂಗದಲ್ಲಿ ಒಂದಾದರೂ ಆಡಂಬರದ ಮಾತಿಲ್ಲ. ಆ ಬಂಡೆಯೊಂದೇ ಸಾಕು. ಗೃಹಸ್ಥನ ಧರ್ಮ, ಕಸುಬು, ಪ್ರೀತಿ ಮೂರೂ ಆ ಬಂಡೆಯ ಮೇಲೆ ಬಂದು ಕೂಡಿವೆ.

ಎರಡನೆಯದು ಮೂವರು ಬಡವರ ಪ್ರಯಾಣದ ಕಥೆ. ಜಾನ್ ಎಂಬುವನು ಬಿಸ್ಕತ್ತು ಸುಡುವವನು, ಹಿಂದೆ ಸೈನಿಕನಾಗಿದ್ದವನು, ಅವನ ತಮ್ಮ ಥಾಮಸನು ಕಾಲು ಕುಂಟಾದ ನಾವಿಕ, ಈಗ ಹಡಗಿನ ಹಾಯಿ ಹೊಲಿಯುವವನು, ರಿಚರ್ಡನು ಬಡಗಿ. ಕೆಲಸ ನಿಂತಿದೆ, ಬಿಡಾರವೂ ತಪ್ಪುವಂತಾಗಿದೆ. ಹೊರಟರೆ ಅಲೆಮಾರಿಗಳೆಂದು ಹಿಡಿಯುವ ಕಾನೂನುಂಟು, ದಾರಿಯ ಊರವರು ಬಿಡಲಾರರು ಎಂದು ತಮ್ಮನು ಹೇಳಿದರೆ, ಹುಟ್ಟಿದ ನಾಡೆಲ್ಲ ತನ್ನ ಊರೇ ಅಲ್ಲವೇ ಎಂದು ಅಣ್ಣನ ವಾದ. ಕೊನೆಗೆ ಹೊರಡುವರು. ಇಲ್ಲಿಂದ ಮುಂದೆ ಪ್ರತಿಯೊಬ್ಬನ ಹಳೆಯ ಕಸುಬು ಹೊಸ ರೂಪದಲ್ಲಿ ಒದಗಿಬರುವುದು. ಹಾಯಿ ಹೊಲಿಯುವವನು ಡೇರೆಯನ್ನು ಹೊಲಿಯುವನು. ಸೈನಿಕನು ಅದನ್ನು ಹೂಡುವ ಕ್ರಮವನ್ನೂ ಕಾವಲಿಡುವ ಕ್ರಮವನ್ನೂ ಹೇಳಿಕೊಡುವನು. ಬಡಗಿಯು ಮರದ ತುಂಡುಗಳನ್ನು ಬಂದೂಕದ ಆಕಾರಕ್ಕೆ ಕೆತ್ತಿಕೊಡುವನು. ವಾಲ್ಥಮ್‌ಸ್ಟೋ ಊರಿನವರು ದಾರಿಗಟ್ಟಿದಾಗ ಈ ಮರದ ಬಂದೂಕುಗಳೂ ಅಲ್ಲಲ್ಲಿ ಹೊತ್ತಿಸಿದ ಬೆಂಕಿಗಳೂ ಒಂದು ದಂಡೇ ಬಂದಿದೆಯೆಂಬ ಭ್ರಾಂತಿಯನ್ನು ಹುಟ್ಟಿಸುವುವು. ಊರವರು ಆಹಾರವನ್ನು ಕೊಟ್ಟು ದಾರಿ ಬಿಡುವರು. ಕೊನೆಗೆ ಎಪ್ಪಿಂಗ್ ಕಾಡಿನ ಬಳಿ ನೆಲಸಿ, ಒಂದು ಪಾಳುಮನೆಯ ಹೊಗೆಗೂಡನ್ನೂ ಒಲೆಯನ್ನೂ ದುರಸ್ತಿ ಮಾಡಿಕೊಂಡು ಮಾರಿಯ ಕಾಲವನ್ನು ಕಳೆಯುವರು.

ಈ ಕಥೆಯಲ್ಲಿ ವಿನೋದವಿದೆ. ಆದರೆ ಅದು ಕೇವಲ ವಿನೋದವಲ್ಲ. ಕ್ರೂಸೋ ತನ್ನ ದ್ವೀಪದಲ್ಲಿ ಒಬ್ಬನೇ ಎಲ್ಲ ಕಸುಬುಗಳನ್ನೂ ಕಲಿತನು. ಇಲ್ಲಿ ಮೂವರ ಮೂರು ಕಸುಬುಗಳು ಕೂಡಿ ಒಂದು ಬಾಳಾಗುವುದು. ಯೋಜನೆಯ ಬದಲಾವಣೆಯೆಂದರೆ ಹಳೆಯದನ್ನೆಲ್ಲ ಎಸೆದು ಬೇರೊಬ್ಬನಾಗುವುದಲ್ಲ, ಕೈ ಕಲಿತುದನ್ನೇ ಬೇರೊಂದು ಕಡೆಗೆ ತಿರುಗಿಸುವುದು ಎಂಬುದು ಇದರ ತಾತ್ಪರ್ಯ. ಆದರೆ ಊರೂರಿನ ಬಾಗಿಲೂ ಮುಚ್ಚಿದ್ದರೆ ಕೈಯ ಕುಶಲತೆಯೊಂದರಿಂದಲೇ ಬದುಕಲಾಗದೆಂಬುದನ್ನೂ ಡೀಫೋ ಮರೆಮಾಚಿಲ್ಲ. 2020ರಲ್ಲಿ ಕಟ್ಟಡದ ಕೆಲಸ ನಿಂತು ಬೆಂಗಳೂರನ್ನು ಬಿಟ್ಟು ರಾಯಚೂರು, ಯಾದಗಿರಿ, ಕಲಬುರಗಿಗಳ ಕಡೆಗೆ ಹೊರಟ ಕೂಲಿಕಾರರನ್ನೂ, ಹೊರಗಿನವರು ಬರಬಾರದೆಂದು ಊರ ದಾರಿಗೆ ಮುಳ್ಳುಬೇಲಿ ಎಳೆದ ಹಳ್ಳಿಗಳನ್ನೂ ಕಂಡ ವಾಚಕನಿಗೆ, ಜಾನನೂ ಊರವರೂ ಮಾಡುವ ವಾದವಿವಾದದಲ್ಲಿ ಎರಡು ಕಡೆಯವರ ಭಯವೂ ಅರ್ಥವಾಗುವುದು.

ಡೀಫೋನ ಗುಣವು ಚೆನ್ನಾಗಿ ತಿಳಿಯಬೇಕಾದರೆ ಅವನನ್ನು ಇತರರ ಪಕ್ಕದಲ್ಲಿಟ್ಟು ನೋಡಬೇಕು. ಬೊಕಾಚಿಯೋನ ‘ಡೆಕಾಮೆರಾನ್’ 1348ರ ಫ್ಲಾರೆನ್ಸಿನ ಮಾರಿಯಿಂದ ಆರಂಭವಾಗುವುದು. ಏಳು ಮಂದಿ ತರುಣಿಯರೂ ಮೂವರು ತರುಣರೂ ನಗರವನ್ನು ಬಿಟ್ಟು ಉಪವನಗಳಿಂದ ಕೂಡಿದ ಹಳ್ಳಿಯ ಮಹಲಿಗೆ ಹೋಗಿ ನೂರು ಕಥೆಗಳನ್ನು ಹೇಳುವರು. ಪೀಠಿಕೆಯಲ್ಲಿ ಬೊಕಾಚಿಯೋ ರೈತರು ಬೆಳೆಯನ್ನೂ ದನಗಳನ್ನೂ ಬಿಟ್ಟುಕೊಟ್ಟು ಇಂದಿನ ದಿನ ಕಳೆದರೆ ಸಾಕೆಂದಿದ್ದುದನ್ನು ಎರಡೇ ಮಾತುಗಳಲ್ಲಿ ಅದ್ಭುತವಾಗಿ ಹೇಳಿರುವನು. ಬಳಿಕ ಬಾಗಿಲು ಮುಚ್ಚುವುದು. ಮೊದಲನೆಯ ದಿನದ ರಾಣಿಯು ಆಳುಗಳಿಗೆ ಅವರವರ ಕೆಲಸವನ್ನು ಹಂಚಿಕೊಟ್ಟು, ಹೊರಗಿನಿಂದ ಸಂತೋಷದ ಸುದ್ದಿಯನ್ನಲ್ಲದೆ ಬೇರೇನನ್ನೂ ಒಳಕ್ಕೆ ತರಕೂಡದೆಂದು ಆಜ್ಞೆ ಮಾಡುವಳು. ಕಥೆಗಳ ಸೊಬಗನ್ನು ಅಲ್ಲಗಳೆಯುವಂತಿಲ್ಲ. ಸಂಕಟದ ನಡುವೆ ನಗುವನ್ನು ಉಳಿಸಿಕೊಳ್ಳುವುದೂ ಮನುಷ್ಯನ ಹಿರಿಮೆಯೇ. ಆದರೆ ಆ ಹತ್ತು ಮಂದಿಯ ವಿರಾಮವನ್ನು ಹೊತ್ತು ನಿಂತವರು ಆ ಆಳುಗಳು. ಅವರ ಮನೆಯ ಸುದ್ದಿ ಸಂತೋಷದ್ದೋ ಅಲ್ಲವೋ ಎಂದು ಕೇಳಿದವರಿಲ್ಲ. ಡೀಫೋ ಕೇಳಿದನು.

ಫ್ರೆಂಚ್ ಲೇಖಕ ಆಲ್ಬರ್ಟ್ ಕಾಮೂವಿನ ‘ಪ್ಲೇಗ್’ ಕಾದಂಬರಿ 1947ರಲ್ಲಿ ಹೊರಬಂದಿತು. ಆಲ್ಜೀರಿಯದ ಓರಾನ್ ನಗರದ ಬಾಗಿಲುಗಳು ಮುಚ್ಚಿದಾಗ ಅಲ್ಲಿ ಸಿಕ್ಕಿಕೊಂಡ ರಾಂಬೇರ್ ಎಂಬ ಪತ್ರಕರ್ತನು ದೂರದಲ್ಲಿರುವ ಪ್ರಿಯಳನ್ನು ಸೇರಲು ಕಳ್ಳದಾರಿಯನ್ನು ಹುಡುಕುವನು. ದಾರಿ ಸಿದ್ಧವಾದಾಗ, ತಾನೊಬ್ಬನೇ ಸುಖಿಯಾಗಿರಲು ನಾಚಿ ರೋಗನಿವಾರಣೆಯ ದಳದಲ್ಲಿ ನಿಲ್ಲುವನು. ಕಾಮೂ ತಾನೇ 1942ರಲ್ಲಿ ಕ್ಷಯದ ಚಿಕಿತ್ಸೆಗಾಗಿ ಫ್ರಾನ್ಸಿಗೆ ಬಂದು, ಯುದ್ಧದ ದೆಸೆಯಿಂದ ಆಲ್ಜೀರಿಯದಲ್ಲಿದ್ದ ಹೆಂಡತಿಯಿಂದ ಅಗಲಿರಬೇಕಾಯಿತು; ಆ ಅಗಲಿಕೆಯ ನೋವು ಕೃತಿಯಲ್ಲಿ ಹರಡಿದೆ. ಗ್ರಾಂಡ್ ಎಂಬ ಪುರಸಭೆಯ ಬಡ ಗುಮಾಸ್ತನು ಹಗಲಿನ ಕೆಲಸ ಮುಗಿಸಿ ದಳದ ಲೆಕ್ಕಪತ್ರಗಳನ್ನು ಬರೆಯುವುದೂ, ಅವನನ್ನೇ ನಿರೂಪಕನು ನಾಯಕಪದವಿಗೆ ಸೂಚಿಸುವುದೂ ಉದಾತ್ತವಾದ ಕಲ್ಪನೆ. ಕೆಲಸವಿಲ್ಲದ ಬಡವರಿದ್ದುದರಿಂದ ಅಪಾಯದ ಕೆಲಸಗಳಿಗೆ ಆಳುಗಳ ಕೊರತೆಯಾಗಲಿಲ್ಲ, ದಾರಿದ್ರ್ಯವು ಭಯಕ್ಕಿಂತ ಬಲವಾಗಿತ್ತು ಎಂದು ಕಾಮೂವೂ ಗುರುತಿಸಿರುವನು. ಆದರೆ ಅವನು ಅದನ್ನು ಒಂದು ಮಾತಿನಲ್ಲಿ ಹೇಳಿ ಮುಂದುವರಿಯುವನು. ಅವನ ದೃಷ್ಟಿಯೆಲ್ಲ ಇಚ್ಛಾಪೂರ್ವಕವಾಗಿ ನಿಂತವರ ಮೇಲೆ. ಡೀಫೋ ಆ ಒಂದು ಮಾತನ್ನೇ ಗ್ರಂಥವನ್ನಾಗಿ ಬೆಳೆಸಿದನು. ಆರಿಸಿಕೊಂಡು ನಿಂತವನ ಧೈರ್ಯಕ್ಕೆ ಕಾಮೂವಿನಲ್ಲಿ ಕೀರ್ತಿ ಸಂದಿದೆ. ಬೇರೆ ಗತಿಯಿಲ್ಲದೆ ನಿಂತವನ ಧೈರ್ಯಕ್ಕೆ ಡೀಫೋನಲ್ಲಿ ದಾಖಲೆಯಿದೆ.

ಕನ್ನಡ ನಾಡಿಗೂ ಪ್ಲೇಗಿನ ನೆನಪು ದೂರದ್ದಲ್ಲ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಮಾರಿ 1898ರಲ್ಲಿ ಹುಬ್ಬಳ್ಳಿ ಧಾರವಾಡಗಳನ್ನೂ ಬೆಂಗಳೂರನ್ನೂ ಹಿಡಿಯಿತು. ಇಲಿ ಬಿದ್ದ ಕೂಡಲೇ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದ ಕಥೆಗಳನ್ನು ಅಜ್ಜಿಯರು ಹೇಳುತ್ತಿದ್ದರು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಆ ಮಾರಿಯ ಹಿಂದೆಯೇ ರೂಪುಗೊಂಡವು. ಸಾಹಿತ್ಯದಲ್ಲಿ ಪ್ಲೇಗಿಗೆ ಅತ್ಯಂತ ಪ್ರಸಿದ್ಧವಾದ ಸ್ಥಾನ ದೊರೆತುದು ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ, ಅದು ಪ್ರಕಟವಾದುದು 1965ರಲ್ಲಿ. ಅಲ್ಲಿ ನಾರಣಪ್ಪನ ಶವವೂ ಪ್ಲೇಗೂ ಕೂಡಿ ಪ್ರಾಣೇಶಾಚಾರ್ಯರು ಜೀವಮಾನವೆಲ್ಲ ಕಟ್ಟಿಕೊಂಡ ಬಾಳಿನ ಯೋಜನೆಯನ್ನು ಬುಡಮೇಲು ಮಾಡುವುವು. ಅಗ್ರಹಾರದವರ ಹಸಿವೂ ಆಸೆಯೂ ಅಲ್ಲಿ ಮರೆಯಾಗಿಲ್ಲ. ಆದರೆ ಆ ಕೃತಿಯ ಜಿಜ್ಞಾಸೆ ಮುಖ್ಯವಾಗಿ ಧರ್ಮದ್ದು, ವಿಶ್ವಾಮಿತ್ರನ ಪ್ರಶ್ನೆಯ ಜಾತಿಗೆ ಸೇರಿದುದು. ಹೊಲೆಯರ ಗುಡಿಸಲುಗಳಿಗೆ ಹೆಣದೊಂದಿಗೇ ಬೆಂಕಿಯಿಡುವುದನ್ನು ಕಥೆಯು ತೋರಿಸುವುದು. ಉಳಿದವರು ಮರುದಿನ ಯಾರ ಗದ್ದೆಗೆ ಕೂಲಿಗೆ ಹೋದರೆಂಬುದು ಅದರ ಉದ್ದೇಶಕ್ಕೆ ಹೊರಗು. ಇದನ್ನು ಕೊರತೆಯೆಂದು ಹೇಳಿದರೆ ಅನ್ಯಾಯವಾದೀತು. ಪ್ರತಿ ಕೃತಿಗೂ ತನ್ನದೇ ಆದ ಪ್ರಶ್ನೆಯುಂಟು. ಎರಡು ಪ್ರಶ್ನೆಗಳೂ ಒಂದು ಭಾಷೆಗೆ ಬೇಕೆಂಬುದಷ್ಟೇ ಇಲ್ಲಿಯ ಮಾತು.

ಡೀಫೋನ ಗ್ರಂಥದ ದೋಷಗಳನ್ನು ಮುಚ್ಚಿಡುವುದು ವಿಮರ್ಶೆಯ ಧರ್ಮವಲ್ಲ. ಗ್ರಂಥದಲ್ಲಿ ಅಧ್ಯಾಯಗಳ ವಿಭಾಗವಿಲ್ಲ. ಹೇಳಿದುದನ್ನೇ ಮತ್ತೆ ಹೇಳುವುದು, ಒಂದು ಕಥೆಯನ್ನು ಆರಂಭಿಸಿ ನಡುವೆ ಬಿಟ್ಟು ಎಷ್ಟೋ ಪುಟಗಳ ಮೇಲೆ ಎತ್ತಿಕೊಳ್ಳುವುದು, ಮೂವರ ಪ್ರಯಾಣಕ್ಕೂ ಈ ಗತಿ ಬಂದಿದೆ. ಸತ್ತವರ ಕೋಷ್ಟಕಗಳು ಕೆಲವೆಡೆ ವಾಚಕನನ್ನು ದಣಿಸುವುವು. ರೋಗವು ದೈವದ ಶಿಕ್ಷೆಯೋ ಸೋಂಕಿನಿಂದ ಹರಡುವುದೋ ಎಂಬಲ್ಲಿ ವರ್ತಕನ ಮನಸ್ಸು ಕೊನೆಯವರೆಗೂ ಹೊಯ್ದಾಡುವುದು. ಎಲ್ಲಕ್ಕಿಂತ ದೊಡ್ಡ ದೋಷ ಇನ್ನೊಂದಿದೆ. ವ್ಯಾಪಾರಕ್ಕಾಗಿ ನಗರದಲ್ಲಿ ನಿಂತವನ ವ್ಯಾಪಾರವೇ ಮುಂದೆ ಕಥೆಯಿಂದ ಮಾಯವಾಗುವುದು. ಅಣ್ಣನ ಉಗ್ರಾಣಕ್ಕೆ ಹೆಂಗಸರ ಗುಂಪು ನುಗ್ಗಿ, ಅಂಗಡಿಯಲ್ಲಿ ಆರಿಸುವಂತೆ ಟೊಪ್ಪಿಗೆಗಳನ್ನು ಒಂದೊಂದಾಗಿ ತಲೆಗಿಟ್ಟು ನೋಡುತ್ತಿದ್ದ ಸ್ವಾರಸ್ಯವಾದ ಪ್ರಸಂಗ ಬರುವುದು. ತನ್ನ ಜೀನುಗಳು ಮಾರಿದವೋ ಇಲ್ಲವೋ ಎಂದು ಅವನು ಹೇಳುವುದೇ ಇಲ್ಲ. ಮುದ್ರೆ ಹಾಕಿದ ಮನೆಗಳ ಪರೀಕ್ಷಕನಾಗಿ ನೇಮಕವಾದಾಗಲೂ ಮೂರು ವಾರಗಳಲ್ಲಿಯೇ ತನ್ನ ಬದಲಿಗೆ ಬೇರೊಬ್ಬನನ್ನು ಒಪ್ಪಿಸಿ ಬಿಡಿಸಿಕೊಳ್ಳುವನು. ಬಡವನು ಹಸಿವಿಗಾಗಿ ಹಿಡಿದ ಕೆಲಸವನ್ನು ಸ್ಥಿತಿವಂತನು ಹೀಗೆ ಬಿಡಬಲ್ಲನು. ಡೀಫೋ ಇದನ್ನು ತಿಳಿದೇ ಬರೆದನೋ ತಿಳಿಯದೆ ಬರೆದನೋ, ಗ್ರಂಥದ ಸತ್ಯಕ್ಕೆ ಇದೂ ಒಂದು ಸಾಕ್ಷಿಯಾಗಿ ಉಳಿದಿದೆ.

ಮಾರಿ ಇಳಿದ ಮೇಲಿನ ಪುಟಗಳು ಗಂಭೀರವಾದವು. ಜನರು ಎಚ್ಚರವನ್ನೆಲ್ಲ ಗಾಳಿಗೆ ತೂರಿ ಬೀದಿಗೆ ಬರುವರು. ಊರು ಬಿಟ್ಟವರು ಹಿಂದಿರುಗುವರು. ರಾಜಧರ್ಮದ ಪಾದ್ರಿಗಳು ಓಡಿಹೋದಾಗ ಅವರ ಪೀಠಗಳಲ್ಲಿ ನಿಂತು ಜನರಿಗೆ ಧೈರ್ಯ ಹೇಳಿದ ಭಿನ್ನಮತದ ಬೋಧಕರನ್ನು ಮತ್ತೆ ಹೊರಗಟ್ಟುವರು. ಸಂಕಟದಲ್ಲಿ ಬೇಕಾದವರು ಸಂಕಟ ತೀರಿದ ಮೇಲೆ ಬೇಡವಾದರು. ಸ್ವತಃ ಭಿನ್ನಮತದವನಾದ ಡೀಫೋ ಇದನ್ನು ಹೇಳುವಾಗ ಕೋಪವನ್ನು ತಡೆದುಕೊಂಡಿರುವುದು ಗೊತ್ತಾಗುವುದು. 2023ನೆಯ ಮೇ 5ರಂದು ಕೋವಿಡ್ಡಿನ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದ ಬಳಿಕ, ಆಶಾ ಕಾರ್ಯಕರ್ತೆಯರಿಗೂ ಪೌರಕಾರ್ಮಿಕರಿಗೂ ಆ ದಿನಗಳಲ್ಲಿ ಸಂದ ಚಪ್ಪಾಳೆಯ ಸದ್ದು ಎಷ್ಟು ದಿನ ನಿಂತಿತೆಂಬುದನ್ನು ವಾಚಕರೇ ಎಣಿಸಿಕೊಳ್ಳಬಹುದು.

ಆದುದರಿಂದ ‘ಪ್ಲೇಗು ವರ್ಷದ ದಿನಚರಿ’ಯನ್ನು ಭಯದ ಪುಸ್ತಕವೆಂದು ಓದುವುದಕ್ಕಿಂತ ಕಸುಬಿನ ಪುಸ್ತಕವೆಂದು ಓದುವುದು ಮೇಲು. ಜಿಲ್ಲೆಯ ಊರೂರಿನಲ್ಲಿ 2020ರ ವರ್ಷ ಅಂಗಡಿಯವನು ಏನು ಮಾರಿದನು, ದರ್ಜಿಯು ಮುಸುಕುಗಳನ್ನು ಹೊಲಿದು ಹೇಗೆ ಬದುಕಿದನು, ಪಟ್ಟಣದಿಂದ ಬಂದ ಮಗನು ಬಿಟ್ಟಿದ್ದ ಹೊಲವನ್ನು ಹೇಗೆ ಉತ್ತನು, ಯಾರು ಹಿಂದಿರುಗಿ ಹೋದರು, ಯಾರು ಹೋಗಲಿಲ್ಲ ಎಂಬುದನ್ನು ಬಲ್ಲವರು ಇನ್ನೂ ಇರುವರು. ಡೀಫೋ ಐವತ್ತೇಳು ವರ್ಷಗಳ ಮೇಲೆ, ಹಿರಿಯರ ಬಾಯಿಂದ ಕೇಳಿದುದನ್ನು ಕೂಡಿಸಿ ಬರೆದನು. ಅವನಿಗೆ ಹೇಳಿದವರು ಇದ್ದರು. ಇಲ್ಲಿ ಕೇಳಿ ಬರೆದಿಡುವವರು ಬೇಕು. ಅಂಬಿಗನು ಬಂಡೆಯ ಮೇಲೆ ಇಟ್ಟುಹೋದುದನ್ನು ಎತ್ತಿಕೊಳ್ಳುವವರು ಬಾರದಿದ್ದರೆ ಅದು ಅಲ್ಲಿಯೇ ಉಳಿಯುವುದು.